ಹೋಗಬಾರದ ಕಲೆ

ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯುವುದು ಮೊಂಡಿ ಎಂದು. ಶಾಲೆಗೆ ಸೇರಿಸುವಾಗ ಬೇರೆ ಹೆಸರೊಂದನ್ನು ಬರೆಸಿದ್ದರು, ಆದರೆ ಅದು ಹೊರಗೆ ಬರುವುದು ಎಲ್ಲಾದರೂ ಸಹಿ ಹಾಕಬೇಕಾದಾಗ ಮಾತ್ರ. ಮೊಂಡಿ ಎಂಬ ಹೆಸರು ಬಂದದ್ದು ನಡೆಯಲು ಕಲಿಯುವ ಮೊದಲೇ. ಇಸ್ತ್ರಿ ಮೇಜಿನ ಕೆಳಗೆ ಕೂರಿಸಿದ್ದ ಕೂಸು ಒಂದು ದಿನ ಮೇಜಿನ ಕಾಲು ಹಿಡಿದು ಎದ್ದು ನಿಂತಿತು, ಬಿತ್ತು, ಮತ್ತೆ ಎದ್ದಿತು, ಮತ್ತೆ ಬಿತ್ತು. ಹಣೆಯ ಮೇಲೆ ಬುಗುಟು ಬಂದರೂ ಅಳಲಿಲ್ಲ. ಪಾಪ ಎಂದು ಯಾರಾದರೂ ಎತ್ತಿಕೊಂಡರೆ ಮಾತ್ರ ಬೀದಿಗೆಲ್ಲ ಕೇಳುವಂತೆ ರಂಪ ಮಾಡಿತು. "ಇದು ಶುದ್ಧ ಮೊಂಡಿ ಕಣೇ," ಎಂದು ಅಪ್ಪ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟು ನಕ್ಕಿದ್ದನಂತೆ. ಅಪ್ಪ ತೀರಿಕೊಂಡು ಎಷ್ಟೋ ಕಾಲವಾಯಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗುತ್ತಿರುವ ಈ ಹೆಂಗಸಿಗೆ ಅವನಿಟ್ಟ ಹೆಸರು ಮಾತ್ರ ಹಾಗೇ ಉಳಿದಿದೆ.

ಅವಳು ಹುಟ್ಟಿದ್ದೇ ಲಾಂಡ್ರಿಯಲ್ಲಿ. ಮಾತಿಗೆ ಹೇಳುತ್ತಿಲ್ಲ. ಆಸ್ಪತ್ರೆಗೆ ಹೊರಡುವಷ್ಟೂ ಪುರುಸೊತ್ತು ಕೊಡದೆ, ಒಗೆದು ಮಡಿಸಿಟ್ಟಿದ್ದ ಯಾರದೋ ಬೆಡ್‌ಶೀಟುಗಳ ಮೇಲೆ ಹುಟ್ಟಿಬಿಟ್ಟಳು. ಬಾಣಂತನ ಮುಗಿಯುವ ಮೊದಲೇ ಅಮ್ಮ ಎದ್ದು, ಆ ಬೆಡ್‌ಶೀಟುಗಳನ್ನು ತಾನೇ ಒಗೆದು, ಒಂದು ಚುಕ್ಕೆಯೂ ಉಳಿಯದಂತೆ ಕಲೆ ತೆಗೆದು, ಏನೂ ಆಗಿಲ್ಲವೆಂಬ ಮುಖದಲ್ಲಿ ಗಿರಾಕಿಗೆ ಒಪ್ಪಿಸಿದಳು. ಅಮ್ಮ ಎಂದರೆ ಹಾಗೆ.

ಲಾಂಡ್ರಿಯ ಮುಂಭಾಗದಲ್ಲಿ ಕೌಂಟರ್, ಅದರ ಹಿಂದೆ ಇಸ್ತ್ರಿ ಮೇಜು, ಅದರ ಹಿಂದೆ ಗಡಗಡ ಎನ್ನುವ ಎರಡು ದೊಡ್ಡ ಮಷಿನ್ನು ಮತ್ತು ಸಿಮೆಂಟಿನ ತೊಟ್ಟಿಗಳು, ಹಿತ್ತಲಲ್ಲಿ ಬಟ್ಟೆ ಒಣಹಾಕುವ ಹಗ್ಗ, ಹಗ್ಗದಾಚೆ ಕಾಲುವೆ. ಮನೆ ಮಹಡಿಯ ಮೇಲೆ. ಅಮ್ಮನ ಜಾಗ ಹಿಂದಿನ ಕಿಟಕಿಯ ಪಕ್ಕದ ಸಣ್ಣ ಮೇಜು. ವಯಸ್ಸಾದ ಮೇಲೆ ಒಗೆಯುವುದನ್ನು ಬಿಟ್ಟಳೇ ಹೊರತು ಕಲೆ ತೆಗೆಯುವುದನ್ನು ಬಿಡಲಿಲ್ಲ. ಎಣ್ಣೆ, ಶಾಯಿ, ರಕ್ತ, ತುಕ್ಕು, ಟೀ, ಏನೇ ಬರಲಿ, ಬಟ್ಟೆಯನ್ನು ಬೆಳಕಿಗೆ ಹಿಡಿದು, ಮೂಸಿ, ಉಗುರಿನಿಂದ ಒಮ್ಮೆ ಕೆರೆದು "ಹೋಗತ್ತೆ" ಎಂದಳೆಂದರೆ ಹೋಯಿತೆಂದೇ ಲೆಕ್ಕ. ಅಮ್ಮನ ಪಾಲಿಗೆ ಜಗತ್ತಿನಲ್ಲಿರುವುದು ಎರಡೇ ಬಗೆಯ ವಸ್ತು: ತೊಳೆದದ್ದು, ತೊಳೆಯಬೇಕಾದದ್ದು. ಸೋಪು ಮುಟ್ಟಿದ್ದೆಲ್ಲ ಶುದ್ಧ. ಮಕ್ಕಳಿಬ್ಬರನ್ನೂ ಅವಳು ಬೆಳೆಸಿದ್ದು ಇದೇ ನಂಬಿಕೆಯಲ್ಲಿ.

ದೊಡ್ಡ ಮಗಳು ಈ ಕಸುಬಿಗೆ ಸಲೀಸಾಗಿ ಹೊಂದಿಕೊಂಡಳು. ಮದುವೆಯಾದ ಮೇಲೆ ಭಾವನೂ ಇಲ್ಲಿಗೇ ಬಂದು, ಪಂಪು, ಪೈಪು, ಮೋಟಾರುಗಳ ಉಸ್ತುವಾರಿ ವಹಿಸಿಕೊಂಡ. ಭಾವನಿಗೆ ಬಾಯಿ ಸ್ವಲ್ಪ ಜಾಸ್ತಿ, ಮನಸ್ಸು ಮಾತ್ರ ಬೆಣ್ಣೆ. ಕಿರಿಯವಳು ಹಾಗಲ್ಲ. ಹದಿಹರೆಯ ದಾಟುತ್ತಿದ್ದಂತೆ "ಊರವರ ಕಾಲರ್ ಉಜ್ಕೊಂಡು ಕೂರೋದು ನನ್ನಿಂದಾಗಲ್ಲ" ಎಂದು ಒಂದೇ ಮಾತು ಎಸೆದು, ಊರಂಚಿನ ಫಿಲ್ಟರ್ ಕಾರ್ಖಾನೆಗೆ ಸೇರಿದಳು, ಅಲ್ಲೇ ಹತ್ತಿರ ಒಂದು ಕೋಣೆ ಹಿಡಿದಳು. ಆಗ ಅಕ್ಕ ಯಾರದೋ ಕಾಲರನ್ನೇ ಉಜ್ಜುತ್ತಿದ್ದಳು. ಆ ಮಾತನ್ನು ಅಕ್ಕ ಮರೆಯಲಿಲ್ಲ. ಹಬೆಯಲ್ಲಿ ನಿಂತು ನಿಂತು ಬೆರಳು ಸುಕ್ಕಾದಾಗಲೆಲ್ಲ ನೆನಪು ಮಾಡಿಕೊಂಡಳು ಎಂದರೂ ಸರಿಯೇ.

ಕಾರ್ಖಾನೆ ಎಂದರೆ ತಗಡಿನ ಮಾಡಿನ ಒಂದು ಶೆಡ್ಡು. ಅಲ್ಲಿ ತಯಾರಾಗುವುದು ನೀರು ಸೋಸುವ ತೆಳ್ಳನೆಯ ಪೊರೆ. ಬಿಲ್ಲಿನಲ್ಲಿ ಮೆಂಬ್ರೇನ್ ಎಂದಿರುತ್ತದೆ, ಕೆಲಸದವರ ಬಾಯಲ್ಲಿ ಬರೀ ಹಾಳೆ. ಪ್ಲಾಸ್ಟಿಕ್ಕಿನ ಹರಳುಗಳನ್ನು ಘಾಟು ದ್ರಾವಣದಲ್ಲಿ ಕರಗಿಸಿ, ಜೇನುತುಪ್ಪದಷ್ಟು ಮಂದವಾದ ಪಾಕ ಮಾಡಿಕೊಳ್ಳಬೇಕು. ಅದನ್ನು ಗಾಜಿನ ಹಲಗೆಯ ಮೇಲೆ ಸುರಿದು, ಉಕ್ಕಿನ ಪಟ್ಟಿಯಿಂದ ಒಂದೇ ಎಳೆತಕ್ಕೆ ಹರಡಿ, ಹಲಗೆಯ ಸಮೇತ ನೀರಿಗೆ ಇಳಿಸಬೇಕು. ಇಳಿಸಿದ್ದೇ ತಡ, ಪಾರದರ್ಶಕವಾಗಿದ್ದ ಪಾಕ ಬೆಳ್ಳಗೆ ತಿರುಗಿ, ಹಲಗೆ ಬಿಟ್ಟು ಹಾಳೆಯಾಗಿ ಮೇಲೇಳುತ್ತದೆ. ಅದರ ತುಂಬ ಕಣ್ಣಿಗೆ ಕಾಣದ ತೂತುಗಳು. ನೀರು ನುಸುಳುತ್ತದೆ, ಕೊಳೆ ನಿಲ್ಲುತ್ತದೆ. ಎಳೆಯುವಾಗ ಕೈ ನಡುಗಿದರೆ ಹಾಳೆ ಕೆಟ್ಟಂತೆ. ಮೊಂಡಿಯ ಕೈ ನಡುಗುವುದಿಲ್ಲ.

ಹೀಗಿರುವಾಗ ಲಾಂಡ್ರಿಗೆ ನೀರು ಮಂಡಳಿಯಿಂದ ನೋಟಿಸು ಬಂತು. ಕಾಲುವೆಗೆ ಬಿಡುವ ನೀರನ್ನು ಇನ್ನು ಮೇಲೆ ಸೋಸಿಯೇ ಬಿಡಬೇಕು. ತಪಾಸಣೆಯ ಹೊತ್ತಿಗೆ ಏರ್ಪಾಡು ಆಗಿರದಿದ್ದರೆ ನಲ್ಲಿ ಕೀಳುತ್ತಾರೆ, ಬಾಗಿಲಿಗೆ ಬೀಗ ಜಡಿದು ಮುದ್ರೆ ಒತ್ತುತ್ತಾರೆ. ಮಂಡಳಿಯವರನ್ನು ಬೈಯುವುದು ಸುಲಭ. ಭಾವ ಮನಸಾರೆ ಬೈದ. ಆದರೆ ಆ ಕಾಲುವೆಯನ್ನು ಕಣ್ಣಾರೆ ಕಂಡವರು ಅವನೊಂದಿಗೆ ದನಿಗೂಡಿಸುವುದು ಕಷ್ಟ. ಮೇಲೆ ಬೂದು ನೊರೆ, ಅಂಚಿನಲ್ಲಿ ಜಿಡ್ಡಿನ ಪಟ್ಟೆ. ಅಲ್ಲಿ ಕಪ್ಪೆ ಕೂಗಿದ್ದು ಯಾವ ಕಾಲದಲ್ಲೋ. ಸಿದ್ಧ ಫಿಲ್ಟರ್ ಮಾರುವ ಕಂಪನಿಯವನೊಬ್ಬ ಬಂದು ನೋಡಿ, ಇಷ್ಟು ಜಿಡ್ಡಿನ ನೀರಿಗೆ ನಮ್ಮದು ತಡೆಯುವುದಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿ ಹೋದ.

ಅಮ್ಮ ನೋಟಿಸನ್ನು, ಸುದ್ದಿ ಕೇಳಿ ಬಂದಿದ್ದ ಮೊಂಡಿಯಿಂದ ಓದಿಸಿ ಕೇಳಿದಳು. "ಹಂಗಾದ್ರೆ ನಾನೆಲ್ಲಿ ಕೂರ್ಲಿ?" ಎಂದಳು.

ಅಳುತ್ತ ಕೇಳಿದ್ದಲ್ಲ, ಬಸ್ಸಿನಲ್ಲಿ ಸೀಟು ಕೇಳುವಂತೆ ಕೇಳಿದಳು. ಲಾಂಡ್ರಿ ಮುಚ್ಚಿದರೆ ಅಕ್ಕ, ಭಾವ ಬೇರೆ ಕಡೆ ಕೆಲಸ ಹಿಡಿದಾರು. ಕಿಟಕಿಯ ಪಕ್ಕದ ಆ ಮೇಜು ಹೋದರೆ ಅಮ್ಮನಿಗೆ ಉಳಿಯುವುದೇನು? ಮಹಡಿಯ ಮೇಲೆ ಕೂತು ಗೋಡೆ ನೋಡುವುದು. ಇಷ್ಟು ವರ್ಷ ಬಿಟ್ಟುಹೋದದ್ದಕ್ಕೆ ಈಗಲಾದರೂ ಮರಳಿ ಬಂದು ಏನಾದರೂ ಮಾಡಬೇಕು ಎಂದು ಅವಳಿಗೆ ಅನ್ನಿಸಿದ್ದು ಆಗಲೇ.

"ಫಿಲ್ಟರ್ ನಾನು ಮಾಡ್ಕೊಡ್ತೀನಿ," ಎಂದಳು.

"ಕಾಲರ್ ಉಜ್ಜಕ್ಕೆ ಬರಲ್ಲ ಅಂದೋಳು ಈಗ ಕಾಲುವೆ ಉಜ್ತೀಯಾ?" ಎಂದಳು ಅಕ್ಕ.

ಬೈಸಿಕೊಳ್ಳುವಂಥದ್ದನ್ನು ಒಮ್ಮೆ ಆಡಿದ ಮೇಲೆ ಬೈಸಿಕೊಳ್ಳಬೇಕಾದದ್ದೇ.

ಕಾರ್ಖಾನೆಯ ಮಾಲೀಕರು ಅಂಚು ಸರಿಯಿಲ್ಲದ ಹಾಳೆಗಳನ್ನು ಕೊಡಲು ಒಪ್ಪಿದರು. ಭಾವ ಹಾಳೆಗಳನ್ನು ಬಿಗಿಯಾಗಿ ಕೂರಿಸುವ ಚೌಕಟ್ಟು ಮಾಡಿ, ಪಂಪು ಜೋಡಿಸಿ, ಒತ್ತಡ ತೋರಿಸುವ ಮೀಟರೊಂದನ್ನು ಹಾಕಿದ. ಮೊದಲ ದಿನ ಬೆಳಿಗ್ಗೆ ನೀರು ತಿಳಿಯಾಗಿ, ಸರಾಗವಾಗಿ ಹರಿಯಿತು. ಮಧ್ಯಾಹ್ನದ ಹೊತ್ತಿಗೆ ತೊಟ್ಟಿಕ್ಕತೊಡಗಿತು. ಮೀಟರಿನ ಮುಳ್ಳು ಕೆಂಪು ಗೆರೆ ದಾಟಿತು. ಬಿಚ್ಚಿ ನೋಡಿದರೆ ಹಾಳೆಯ ಮೇಲೆ ಬೂದುಬಣ್ಣದ ಜಿಡ್ಡು ಮೇಣದಂತೆ ಮೆತ್ತಿಕೊಂಡಿತ್ತು.

"ಇದು ಫಿಲ್ಟರ್ ಅಲ್ಲ ಮೊಂಡಿ, ಬಿರಡೆ," ಎಂದ ಭಾವ.

ಆ ಜಿಡ್ಡಿನ ಹಾಳೆಯನ್ನು ಅವಳು ಕಾರ್ಖಾನೆಯ ಕೆಮಿಸ್ಟರ ಮುಂದಿಟ್ಟಳು. ಕೆಮಿಸ್ಟ್ ತಣ್ಣನೆಯ ಮನುಷ್ಯ. ನಿವೃತ್ತಿಯ ಅಂಚಿಗೆ ಬಂದಿದ್ದರು. ಘಾಟಿಗೆ ದಿನವಿಡೀ ಸೀನುತ್ತಲೇ ಕೆಲಸ ಮಾಡುತ್ತಿದ್ದರು. ಹೊಸ ಹಾಳೆಯೊಂದರ ಮೇಲೆ ಒಂದು ಹನಿ ನೀರು ಬಿಟ್ಟು ತೋರಿಸಿದರು. ಹನಿ ಮಣಿಯಂತೆ ಗುಂಡಗೆ ಕೂತಿತು.

"ನೋಡಮ್ಮ, ಈ ಪ್ಲಾಸ್ಟಿಕ್ಕಿಗೆ ನೀರು ಅಂದ್ರೆ ಆಗಲ್ಲ, ಜಿಡ್ಡು ಅಂದ್ರೆ ಪ್ರಾಣ. ನಾವು ಅದಕ್ಕೆ ನೀರಿಗೆ ಒಗ್ಗೋ ಒಂದು ಲೇಪ ಕೊಡ್ಬೇಕು. ಆಗ ನೀರು ಮೊದ್ಲೇ ಬಂದು ಹಾಳೆ ತುಂಬ ಜಾಗ ಹಿಡ್ಕೊಳತ್ತೆ. ಜಿಡ್ಡು ಆಮೇಲೆ ಬಂದ್ರೂ ಅದಕ್ಕೆ ಕೂರಕ್ಕೆ ಜಾಗ ಇರಲ್ಲ."

"ಗೊತ್ತಾಗೋದು ಹೆಂಗೆ ಸರ್, ಲೇಪ ಕೂತಿದ್ಯೋ ಇಲ್ವೋ ಅಂತ?"

"ಇದೇ ಹನಿ ಹೇಳತ್ತೆ. ಗುಂಡಗೆ ಕೂತ್ರೆ ಇಲ್ಲ. ಹರಡಿ ಚಪ್ಪಟೆ ಆದ್ರೆ ಕೂತಿದೆ."

ಅವರು ಮೊದಲು ಕೊಟ್ಟದ್ದು ನೀರಿನಲ್ಲಿ ಕರಗುವ ಅಂಟಿನ ಪುಡಿ. ಅದನ್ನು ಹದವಾಗಿ ಬಿಸಿ ಮಾಡಿ, ಹಾಳೆ ಅದ್ದಿ, ಆಮೇಲೆ ಚೆನ್ನಾಗಿ ಜಾಲಿಸಬೇಕು. ರಜೆಯ ದಿನ ಮೊಂಡಿ ಲಾಂಡ್ರಿಯ ಹಿಂಭಾಗದಲ್ಲೇ ಅದನ್ನು ಮಾಡಿದಳು. ಜಾಲಿಸಿ, ಒಂದು ತುಂಡು ಕತ್ತರಿಸಿ, ಹನಿ ಬಿಟ್ಟಳು. ಹನಿ ಸರ್ರನೆ ಹರಡಿತು. ಮಷಿನ್ನು ನಿಲ್ಲಿಸಿ ಎಲ್ಲರನ್ನೂ ಕೂಗಿ ಕರೆದಳು. ಅಮ್ಮ ಕನ್ನಡಕ ಹುಡುಕಿಕೊಂಡು ಬಂದಳು, ಅಕ್ಕ ಕೈ ಒರೆಸಿಕೊಂಡು ಬಂದಳು. ಮೊಂಡಿ ಮತ್ತೊಂದು ಹನಿ ಬಿಟ್ಟಳು. ಅದೂ ಹರಡಿತು. ಅಕ್ಕನ ಮುಖ ಕೂಡ ಸ್ವಲ್ಪ ಸಡಿಲವಾಯಿತು.

"ಆಯ್ತಪ್ಪ, ಒಪ್ದೆ," ಎಂದ ಭಾವ. "ಈಗ ಲೇಪ ಹಾಕ್ದೇ ಇರೋದು ಒಂದು ತುಂಡು ಇದ್ಯಲ್ಲ ಅಲ್ಲಿ, ಅದ್ರ ಮೇಲೂ ಬಿಟ್ಟು ತೋರ್ಸು. ವ್ಯತ್ಯಾಸ ನೋಡೋಣ."

ಮೊಂಡಿ ಹೆಮ್ಮೆಯಿಂದಲೇ ಬಿಟ್ಟಳು. ಹನಿ ಅದರ ಮೇಲೂ ಅಷ್ಟೇ ಚೆನ್ನಾಗಿ ಹರಡಿತು.

ಮೊಂಡಿಗೆ ಮುಖ ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಎರಡೂ ತುಂಡುಗಳನ್ನು ಜಾಲಿಸಿದ್ದು ಒಂದೇ ತೊಟ್ಟಿಯಲ್ಲಿ. ತೊಟ್ಟಿಯನ್ನು ಅವಳು ಬೆಳಿಗ್ಗೆ ಬಂದವಳೇ, ಹುಟ್ಟಿದಾಗಿನಿಂದ ಕಲಿತಂತೆ, ಸೋಪು ಹಾಕಿ ಫಳಫಳ ತೊಳೆದಿದ್ದಳು. ಹನಿಯನ್ನು ಹರಡಿಸಿದ್ದು ಲೇಪವಲ್ಲ, ತೊಟ್ಟಿಯಲ್ಲಿ ಉಳಿದಿದ್ದ ಸೋಪಿನ ಪಸೆ. ಮತ್ತೆ ಬರೀ ನೀರಿನಲ್ಲಿ ತೊಳೆದು ನೋಡಿದಾಗ ಎರಡರ ಮೇಲೂ ಹನಿ ಗುಂಡಗೆ ಕೂತಿತು. ಲೇಪ ಯಾವಾಗಲೋ ಕರಗಿ ಹೋಗಿತ್ತು.

"ಸೋಪ್ ಹಾಕಿ ತೊಳ್ದಿದ್ದು ಅದ್ಹೆಂಗೆ ಕೊಳೆ ಆಗತ್ತೆ?" ಎಂದು ಅಮ್ಮ ನಿಜಕ್ಕೂ ಅರ್ಥವಾಗದೆ ಕೇಳಿದಳು.

"ಕೊಳೆ ಅಲ್ಲಮ್ಮ, ಆದ್ರೂ ಇರಬಾರ್ದು," ಎಂದಳು ಮೊಂಡಿ. ಅದನ್ನು ಹೇಳುವಾಗ ತನಗೇ ವಿಚಿತ್ರವೆನಿಸಿತು. ಇದು ಬೇರೆ ಯಾವ ಮನೆಯವರೂ ಮಾಡುವ ತಪ್ಪಲ್ಲ. ಸೋಪನ್ನೇ ಉಸಿರಾಡಿ ಬೆಳೆದವರಿಗೆ ಮಾತ್ರ ಸೋಪು ಕಾಣಿಸುವುದಿಲ್ಲ.

ಮಾರನೆಯ ದಿನ ಕೆಮಿಸ್ಟರಿಗೆ ನಡೆದದ್ದೆಲ್ಲ ಹೇಳಿದಳು. ಅವರು ನಗಲಿಲ್ಲ. ಸೀನಿ, ಮೂಗೊರೆಸಿಕೊಂಡು, "ಅಂಟು ಪ್ಲಾಸ್ಟಿಕ್ಕನ್ನ ಗಟ್ಟಿಯಾಗಿ ಹಿಡ್ಕೊಳ್ಳಲ್ಲ. ಪ್ಲಾಸ್ಟಿಕ್ಕಿಗೂ ಅಂಟ್ಬೇಕು, ನೀರಿಗೂ ಒಗ್ಬೇಕು, ಅಂಥದ್ದು ಬೇಕು," ಎಂದು ಕಪಾಟಿನಿಂದ ಕಂದು ಪುಡಿಯ ಡಬ್ಬಿಯೊಂದನ್ನು ತೆಗೆದರು. "ಟ್ಯಾನಿನ್ ಅಂತ. ಟೀ ಕುಡಿದ ಕಪ್ಪಿನಲ್ಲಿ ಕಂದು ಕಲೆ ಕೂರತ್ತಲ್ಲ, ಅದೇ ಜಾತಿ. ಇದನ್ನ ನೀರಲ್ಲಿ ಕದಡಿ, ಸ್ವಲ್ಪ ಕಬ್ಬಿಣದ ಉಪ್ಪು ಸೇರ್ಸಿದ್ರೆ, ಸಿಕ್ಕಿದ್ದಕ್ಕೆಲ್ಲ ಅಂಟ್ಕೊಳತ್ತೆ. ಗಾಜು ಅನ್ನಲ್ಲ, ಪ್ಲಾಸ್ಟಿಕ್ಕು ಅನ್ನಲ್ಲ."

ಮೊಂಡಿ ಗೊಳ್ಳನೆ ನಕ್ಕುಬಿಟ್ಟಳು. ಟೀ ಕಲೆಯ ಮೇಲೆ ತುಕ್ಕಿನ ನೀರು ಬಿದ್ದ ಬಟ್ಟೆ ಬಂದರೆ ಅಮ್ಮನಿಗೂ ಬೆವರಿಳಿಯುತ್ತಿತ್ತು. ಮೊದಲು ತುಕ್ಕು ತೆಗೆಯುವ ಪುಡಿ, ಅದನ್ನು ಪೂರ್ತಿ ತೊಳೆದ ಮೇಲೆ ಬ್ಲೀಚು, ಮತ್ತೆ ತೊಳೆಯುವುದು, ಇಡೀ ದಿನದ ಕೆಲಸ. ಅಮ್ಮ ಜನ್ಮವಿಡೀ ಯಾವುದರ ಜೊತೆ ಗುದ್ದಾಡಿದಳೋ ಅದೇ ಈಗ ಬೇಕಾಗಿ ಬಂದಿತ್ತು.

"ಇನ್ನೊಂದು ಮಾತು," ಎಂದರು ಕೆಮಿಸ್ಟ್. "ಬ್ಲೀಚು, ತುಕ್ಕು ತೆಗೆಯೋ ಪುಡಿ, ಎರಡನ್ನೂ ಇದ್ರ ಹತ್ರ ಸುಳಿಯಕ್ಕೂ ಬಿಡ್ಬೇಡ. ಲೇಪ ಕಿತ್ಕೊಂಡು ಹೋಗತ್ತೆ."

ಆ ಎರಡೂ ಇರುವುದು ಅಮ್ಮನ ಮೇಜಿನ ಮೇಲೆ. ಆ ಮೇಜಿನ ನೀರು ಫಿಲ್ಟರಿಗೆ ಬಾರದಂತೆ ಭಾವ ಬೇರೆ ಡ್ರಮ್ಮು ಇಟ್ಟ. ಅದರ ತೀಕ್ಷ್ಣತೆ ಇಳಿಸಿ ಚೆಲ್ಲುವುದು ಹೇಗೆಂದು ಕೆಮಿಸ್ಟರೇ ಹೇಳಿಕೊಟ್ಟರು. ಯಾಕೆ ಏನು ಎಂಬುದನ್ನು ಮೊಂಡಿ ಅಕ್ಕನಿಗೂ ಭಾವನಿಗೂ ಬಿಡಿಸಿ ಹೇಳಿದಳು. ಅಮ್ಮನಿಗೆ ಹೇಳಲಿಲ್ಲ. ಬೇರೆ ಡ್ರಮ್ಮು ಇಟ್ಟಾಯಿತಲ್ಲ, ಇನ್ನು ಆ ಹಿರಿಜೀವದ ತಲೆ ಯಾಕೆ ತಿನ್ನಬೇಕು ಎಂದುಕೊಂಡಳು. ನಾವೆಲ್ಲ ವಯಸ್ಸಾದವರ ವಿಷಯದಲ್ಲಿ ಹೀಗೇ ಮಾಡುತ್ತೇವೆ, ಅದಕ್ಕೆ ಪ್ರೀತಿ ಎಂದು ಹೆಸರಿಡುತ್ತೇವೆ.

ಲೇಪ ಒಂದೇ ಸಲಕ್ಕೆ ಕೈಗೆ ಹತ್ತಲಿಲ್ಲ. ಒಮ್ಮೆ ಕಬ್ಬಿಣ ಜಾಸ್ತಿಯಾಗಿ ಕಪ್ಪು ಗಸಿ ಕಟ್ಟಿತು. ಇನ್ನೊಮ್ಮೆ ಹಾಳೆ ಅಲುಗದೆ ಕೂತಲ್ಲೇ ಕೂತು ಪಟ್ಟೆಪಟ್ಟೆಯಾಯಿತು; ಪಟ್ಟೆ ಬಿದ್ದಲ್ಲಿ ಹನಿ ಹರಡಿತು, ಪಕ್ಕದಲ್ಲೇ ಗುಂಡಗೆ ನಿಂತಿತು. ಮೊಂಡಿಯ ಬೆರಳುಗಳು ಕಪ್ಪಾದವು. ಅವಳನ್ನು ಕಂಡಾಗಲೆಲ್ಲ ಭಾವ "ಶಾಯಿ ಅಂಗಡಿ ಇಟ್ಯಾ?" ಎನ್ನುತ್ತಿದ್ದ. ಅವಳು ಹಟ ಬಿಡಲಿಲ್ಲ. ಕೆಟ್ಟದ್ದನ್ನು ಎಸೆದು, ಯಾಕೆ ಕೆಟ್ಟಿತೆಂದು ಕೆಮಿಸ್ಟರನ್ನು ಕೇಳಿ, ಮತ್ತೆ ಅದ್ದಿದಳು. ಹಾಳೆಯನ್ನು ದ್ರಾವಣದಲ್ಲಿ ಎಡೆಬಿಡದೆ ಆಡಿಸುತ್ತಿದ್ದರೆ ಬಣ್ಣ ಒಂದೇ ಸಮ ಹಿಡಿಯುತ್ತದೆಂದು ಕೊನೆಗೆ ಗೊತ್ತಾಯಿತು. ಕಾರ್ಖಾನೆಯ ದೊಡ್ಡ ತೊಟ್ಟಿಗೆ ಇಳಿಬಿಟ್ಟ ಚೌಕಟ್ಟಿನಲ್ಲಿ ಹಾಳೆ ಸಿಕ್ಕಿಸಿ ಆಡಿಸಿದಾಗ, ಹಾಲು ಹಾಕದ ಟೀಯ ಬಣ್ಣದ ಹಾಳೆ ಹೊರಬಂತು. ಈ ಸಲ ಮೊಂಡಿ ಮೊದಲು ಹನಿ ಬಿಟ್ಟದ್ದು ಲೇಪವಿಲ್ಲದ ತುಂಡಿನ ಮೇಲೆ. ಗುಂಡಗೆ ಕೂತಿತು. ಆಮೇಲೆ ಕಂದು ಹಾಳೆಯ ಮೇಲೆ ಬಿಟ್ಟಳು. ಹನಿ ಹರಡಿ, ಎಲ್ಲಿ ಬಿದ್ದಿತ್ತೆಂದೇ ತಿಳಿಯದಂತೆ ಚಪ್ಪಟೆಯಾಯಿತು. ಎಷ್ಟು ಜಾಲಿಸಿದರೂ ಹಾಗೇ ಹರಡಿತು.

ಸಣ್ಣ ಚೌಕಟ್ಟಿಗೆ ಹಾಕಿ ಲಾಂಡ್ರಿಯಲ್ಲಿ ಓಡಿಸಿದರು. ಬಾಗಿಲು ಮುಚ್ಚುವ ಹೊತ್ತಾದರೂ ಮುಳ್ಳು ಕೆಂಪಿನ ಹತ್ತಿರಕ್ಕೆ ಹೋಗಲಿಲ್ಲ. ಅಕ್ಕ ಅಂದು ಮೊಂಡಿಗೆ ತಾನೇ ಊಟ ಬಡಿಸಿದಳು.

ತಪಾಸಣೆಯ ಹಿಂದಿನ ದಿನ ದೊಡ್ಡ ಚೌಕಟ್ಟಿಗೆ ಬೇಕಾದ ಅಷ್ಟೂ ಹಾಳೆಗಳಿಗೆ ಮೊಂಡಿ ಕಾರ್ಖಾನೆಯಲ್ಲಿ ಲೇಪ ಹಾಕಿ, ಲಾಂಡ್ರಿಗೆ ತಂದು, ಒಣಗಿದರೆ ತೂತು ಮುಚ್ಚಿಹೋಗುತ್ತವೆಂದು ನೀರು ತುಂಬಿದ ತೊಟ್ಟಿಯಲ್ಲಿ ಮುಳುಗಿಸಿಟ್ಟು ಹೋದಳು. ಮಿಕ್ಕ ಪುಡಿಯ ಡಬ್ಬಿಯನ್ನೂ ಕಬ್ಬಿಣದ ಉಪ್ಪನ್ನೂ ಅಲ್ಲೇ ಬಿಟ್ಟಳು.

ಬೆಳಿಗ್ಗೆ ಅವಳು ಬಂದಾಗ ಹಿತ್ತಲಿನಲ್ಲಿ ಅಮ್ಮ ಹಗ್ಗದ ಹತ್ತಿರ ನಿಂತಿದ್ದಳು. ಬಾಯಲ್ಲಿ ಬಟ್ಟೆ ಕ್ಲಿಪ್ಪು, ಕೈಯಲ್ಲಿ ಹಾಲಿನಷ್ಟು ಬೆಳ್ಳಗಿನ ಒಂದು ಹಾಳೆ.

ಕ್ಲಿಪ್ಪು ತೆಗೆದು ಅಮ್ಮ ಹೇಳಿದಳು: "ಎಂಥಾ ಕಲೆ ಮಾಡ್ಕೊಂಡಿದ್ಯೇ! ಅಷ್ಟಕ್ಕೂ ಟೀ ಚೆಲ್ಬಿಟ್ಟಿದೆ. ಸಾಹೇಬ್ರು ಬರೋ ದಿನ ಇದನ್ನ ಹೆಂಗೆ ತೋರಿಸ್ತೀಯ? ಸರಿರಾತ್ರೀಲೇ ಎದ್ದು ಎಲ್ಲಾ ತೆಗ್ದೆ. ತುಕ್ಕೂ ಇತ್ತು, ಬಿಡ್ಲಿಲ್ಲ. ನೋಡು, ಒಂದು ಚುಕ್ಕೆ ಇದ್ರೆ ಕೇಳು."

ಮೊಂಡಿ ತೊಟ್ಟಿಯ ಹತ್ತಿರ ಓಡಿದಳು. ಉಳಿದ ಹಾಳೆಗಳೆಲ್ಲ ನೀರಿನಲ್ಲೇ ಇದ್ದವು, ಎಲ್ಲವೂ ಅಚ್ಚ ಬಿಳುಪು. ಮೂಗಿಗೆ ಬ್ಲೀಚಿನ ವಾಸನೆ ಹೊಡೆಯಿತು. ಒಂದು ಹನಿ ಬಿಟ್ಟು ನೋಡುವ ಅಗತ್ಯವೇ ಇರಲಿಲ್ಲ, ಆದರೂ ಬಿಟ್ಟಳು. ಹನಿ ಗುಂಡಗೆ ಕೂತಿತು.

ಅಕ್ಕ ಮೆಟ್ಟಿಲಿಳಿದು ಬಂದು ಒಂದೇ ನೋಟಕ್ಕೆ ಅರ್ಥ ಮಾಡಿಕೊಂಡಳು. "ಅಮ್ಮಾ! ನಿನಗ್ಯಾರು ಹೇಳಿದ್ರು ಮುಟ್ಟಕ್ಕೆ? ಮುಗೀತು, ಎಲ್ಲಾ ಮುಗೀತು. ಇವತ್ತು ಮಧ್ಯಾಹ್ನ ಬೀಗ..."

"ಅಕ್ಕಾ, ಸುಮ್ನಿರು," ಎಂದಳು ಮೊಂಡಿ. "ಅಮ್ಮನಿಗೆ ಹೇಳ್ದೇ ಇದ್ದಿದ್ದು ನಾನು. ಕಲೆ ಕಂಡ್ರೆ ಅಮ್ಮ ಬಿಡ್ತಾಳಾ? ಬಿಟ್ರೆ ಅವ್ಳು ನಮ್ಮಮ್ಮನಾ?"

ಅಮ್ಮ ಒಬ್ಬರಾದ ಮೇಲೆ ಒಬ್ಬರ ಮುಖ ನೋಡಿದಳು. ಕೈಯಲ್ಲಿದ್ದ ಹಾಳೆ ಬಿಸಿಲಿಗೆ ಆಗಲೇ ಮುದುಡತೊಡಗಿತ್ತು. "ಕಲೆ ಅಲ್ವಾ ಅದು?" ಎಂದಳು. ಉತ್ತರ ಬರುವ ಮೊದಲೇ ತಿಳಿದುಹೋಯಿತು. ಒಳಗೆ ಬಂದು ತನ್ನ ಮೇಜಿನ ಪಕ್ಕದ ಸ್ಟೂಲಿನ ಮೇಲೆ ಕುಸಿದು, "ನನ್ ಕೈಯಾರೆ ನಾನೇ ಬಾಗ್ಲು ಹಾಕ್ಸಿದ್ನಾ?" ಎಂದಳು. ಅಮ್ಮ ಅಳುವುದನ್ನು ಮಕ್ಕಳು ಕಂಡದ್ದು ಅಪ್ಪ ಹೋದಾಗ ಮಾತ್ರ. ಈಗ ಅಳಲಿಲ್ಲ, ಆದರೆ ಆ ಮುಖ ನೋಡಲಾಗುತ್ತಿರಲಿಲ್ಲ.

ಮೊಂಡಿ ಕೆಮಿಸ್ಟರಿಗೆ ಫೋನು ಹಚ್ಚಿದಳು. ಅವರು ಪೂರ್ತಿ ಕೇಳಿಸಿಕೊಂಡು, "ಹಾಳೆ ಒಣಗಿಲ್ಲ ತಾನೆ?" ಎಂದರು. ಒಂದು ಬಿಟ್ಟು ಉಳಿದದ್ದು ಒಣಗಿಲ್ಲ ಎಂದಳು. "ಹಾಗಾದ್ರೆ ಗಾಬರಿ ಬೇಡ. ಬ್ಲೀಚ್ ವಾಸನೆ ಹೋಗೋ ತನಕ ಜಾಲಿಸು, ಎಷ್ಟು ಸಲ ಆದ್ರೂ ಸರಿ. ಆಮೇಲೆ ಧೈರ್ಯವಾಗಿ ಲೇಪ ಹಾಕು. ಬೇಗ ಹಿಡಿಯತ್ತೆ ಅದು. ಪುಡಿ ಇದ್ಯಾ?"

ಡಬ್ಬಿ ಅಲ್ಲಾಡಿಸಿ ನೋಡಿದಳು. ಒಂದು ಸಲಕ್ಕೆ ಸಾಕು, ಎರಡನೆಯ ಸಲಕ್ಕೆ ಇಲ್ಲ.

"ಏಳಮ್ಮ," ಎಂದಳು ಮೊಂಡಿ. "ಅತ್ಕೊಂಡು ಕೂರಕ್ಕೆ ಟೈಮಿಲ್ಲ. ನೀನೇ ತೆಗ್ದೆ, ಈಗ ನೀನೇ ಹಾಕು."

ಅಕ್ಕ ದೊಡ್ಡ ತೊಟ್ಟಿ ಖಾಲಿ ಮಾಡಿ ಅಭ್ಯಾಸಬಲದಿಂದ ಸೋಪಿಗೆ ಕೈ ಚಾಚಿದವಳು, ಅರ್ಧದಲ್ಲೇ ನಿಂತು, "ಬೇಡ ಅಲ್ವಾ?" ಎಂದಳು. ಬರೀ ನೀರು ಹಾಕಿ ತೋಳು ನೋಯುವವರೆಗೆ ತಿಕ್ಕಿದಳು. ಭಾವ ಪೈಪು ಹಿಡಿದು ಹಾಳೆಗಳನ್ನು ಜಾಲಿಸಿದ. ಆಗಾಗ ಅಮ್ಮ ಮೂಸಿ ನೋಡಿ "ಇನ್ನೂ ಇದೆ" ಎಂದಳು. ಆ ಮೂಗಿಗೆ ಸುಳ್ಳು ಹೇಳಲು ಯಾವ ಬ್ಲೀಚಿಗೂ ಸಾಧ್ಯವಿಲ್ಲ. ಕೊನೆಗೆ "ಹೋಯ್ತು" ಎಂದಾಗ ಎಲ್ಲರೂ ನಂಬಿದರು.

ಮೊಂಡಿ ಪುಡಿ ಕದಡಿದಳು. ಇನ್ನುಳಿದದ್ದು ಒಂದೇ ತೊಡಕು. ಕಾರ್ಖಾನೆಯ ಇಳಿಬಿಡುವ ಚೌಕಟ್ಟು ಇಲ್ಲಿರಲಿಲ್ಲ. ಆಡಿಸದಿದ್ದರೆ ಪಟ್ಟೆ ಬೀಳುತ್ತದೆ. ಅದನ್ನು ಹೇಳಿದಾಗ ಅಮ್ಮ, "ಬೆಡ್‌ಶೀಟ್ ಹಿಡಿದ ಹಂಗೆ ಹಿಡಿಯೋಣ," ಎಂದಳು.

ಇದನ್ನು ಹೇಳಿಕೊಡುವ ಅಗತ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ. ತೊಟ್ಟಿಯ ಆ ಕಡೆ ಅಮ್ಮ ಎರಡು ಮೂಲೆ ಹಿಡಿದಳು, ಈ ಕಡೆ ಮೊಂಡಿ ಎರಡು ಮೂಲೆ. ಚಿಕ್ಕವಳಿದ್ದಾಗ ಇದೇ ಜಾಗದಲ್ಲಿ ಹೀಗೇ ಎದುರುಬದುರು ನಿಂತು ಎಷ್ಟು ಬೆಡ್‌ಶೀಟು ಮಡಿಸಿದ್ದರೋ. ಹಾಳೆಯನ್ನು ಇಳಿಸಿ, ಒಬ್ಬರು ಎತ್ತಿದಾಗ ಒಬ್ಬರು ತಗ್ಗಿಸುತ್ತ, ಒಂದೇ ಲಯದಲ್ಲಿ ಆಡಿಸತೊಡಗಿದರು. ಅಕ್ಕ ಕಬ್ಬಿಣದ ಉಪ್ಪಿನ ನೀರನ್ನು ಸಣ್ಣ ಧಾರೆಯಲ್ಲಿ ಬಿಟ್ಟಳು. ನೀರು ಕಪ್ಪಾಯಿತು. ಬೆಳ್ಳಗಿನ ಹಾಳೆ ಕೆನೆಬಣ್ಣಕ್ಕೆ, ಆಮೇಲೆ ಕಂದುಬಣ್ಣಕ್ಕೆ ತಿರುಗಿತು. ಅಮ್ಮನ ಹಣೆ ಗಂಟಿಕ್ಕಿತ್ತು. ಬಟ್ಟೆಯಂಥ ಬಿಳಿಯ ವಸ್ತುವಿಗೆ ಕಲೆ ಹತ್ತುವುದನ್ನು ಕೈಕಟ್ಟಿಕೊಂಡು ನೋಡುವುದಿರಲಿ, ತಾನೇ ಹತ್ತಿಸುವುದು ಅವಳಿಗೆ ಎಂಥ ಕಷ್ಟವಾಗಿರಬಹುದೆಂದು ಮೊಂಡಿಗೆ ಮಾತ್ರ ಗೊತ್ತಿತ್ತು.

"ಎಡಮೂಲೆ ತಗ್ಸು," ಎನ್ನುತ್ತಿದ್ದಳು ಅಮ್ಮ. "ಅಲ್ಲಿ ತೆಳ್ಳಗಿದೆ. ಇನ್ನೂ ಹಿಡೀಬೇಕು."

ಕೊನೆಯ ಹಾಳೆ ಎತ್ತಿದಾಗ ಮೊಂಡಿ ಹನಿ ಬಿಡಲಿಲ್ಲ, ಅಮ್ಮನ ಕೈಗೇ ಕೊಟ್ಟಳು. ಅಮ್ಮ ಬೆರಳ ತುದಿಯಿಂದ ಒಂದು ಹನಿ ಬಿಟ್ಟಳು. ಹನಿ ಹರಡಿ ಕಾಣೆಯಾಯಿತು. "ಎಲ್ಲಿ ಹೋಯ್ತೇ?" ಎಂದು ಅಮ್ಮ ಬಗ್ಗಿ ಹುಡುಕಿದಳು. ಭಾವ ಅಂಥ ಹೊತ್ತಿನಲ್ಲೂ ನಕ್ಕುಬಿಟ್ಟ. ಒಣಗಿಹೋದ ಹಾಳೆಯ ಜಾಗಕ್ಕೆ, ಅಮ್ಮನ ಕಣ್ಣಿಗೆ ಬೀಳದೆ ಉಳಿದಿದ್ದ ಸಣ್ಣ ಚೌಕಟ್ಟಿನ ಹಾಳೆಗಳನ್ನೇ ಜೋಡಿಸಿದರು.

ಭಾವ ಬೋಲ್ಟು ಬಿಗಿಯುತ್ತಿರುವಾಗಲೇ ಮಂಡಳಿಯ ಇನ್ಸ್‌ಪೆಕ್ಟರ್ ಬಂದರು. ಕೆಟ್ಟ ಮನುಷ್ಯರೇನಲ್ಲ; ಚೀಲದಲ್ಲಿ ಬೀಗ, ಅರಗು ಎಲ್ಲವನ್ನೂ ಹೊತ್ತು ತಿರುಗುವ ಕೆಲಸ ಅವರಿಗೂ ಇಷ್ಟವಿದ್ದಂತಿರಲಿಲ್ಲ. "ಎಲ್ಲಿ, ಓಡಿಸಿ ನೋಡೋಣ," ಎಂದು ಕುರ್ಚಿ ಎಳೆದುಕೊಂಡು ಕೂತರು.

"ಹೋಟ್ಲು ಟವೆಲ್ ಹಾಕ್ಲಾ?" ಎಂದ ಭಾವ ಪಿಸುದನಿಯಲ್ಲಿ.

"ಬೇಡ," ಎಂದಳು ಅಕ್ಕ. ಜೋರಾಗಿಯೇ ಅಂದಳು. "ಗ್ಯಾರೇಜಿನವರ ಬಟ್ಟೆ ಹಾಕಿ. ನನ್ ತಂಗಿ ಮಾಡಿರೋದು. ತಡೆಯತ್ತೆ."

ಮೊಂಡಿ ತಲೆಯೆತ್ತಿ ಅಕ್ಕನನ್ನು ನೋಡಿದಳು. ಅಕ್ಕ ಆಗಲೇ ಬೆನ್ನು ತಿರುಗಿಸಿ ಎಣ್ಣೆ ಮೆತ್ತಿದ ಪ್ಯಾಂಟುಗಳನ್ನು ಮಷಿನ್ನಿಗೆ ತುರುಕುತ್ತಿದ್ದಳು.

ಮಷಿನ್ನು ತಿರುಗಿತು. ಕಪ್ಪು ನೀರು ಚೌಕಟ್ಟಿಗೆ ನುಗ್ಗಿತು. ಮುಳ್ಳು ಸ್ವಲ್ಪ ಮೇಲೇರಿ, ನಡುಗಿ, ನಿಂತಿತು. ಒಂದು ಗಂಟು ಬಟ್ಟೆ ಮುಗಿಯಿತು, ಇನ್ನೊಂದು ಹಾಕಿದರು, ಮತ್ತೊಂದು ಹಾಕಿದರು. ಮುಳ್ಳು ನಿಂತಲ್ಲೇ ನಿಂತಿತ್ತು. ಕೊನೆಯ ಪೈಪಿನಿಂದ ನೀರು ಮೊದಲಿನ ವೇಗದಲ್ಲೇ ಬೀಳುತ್ತಿತ್ತು. ಇನ್ಸ್‌ಪೆಕ್ಟರ್ ಬಾಟಲಿಯಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಆ ಬದಿಯಲ್ಲಿದ್ದ ಅಮ್ಮನ ಮುಖ ಬಾಟಲಿಯ ಮೂಲಕ ಸ್ಪಷ್ಟವಾಗಿ ಕಂಡಿತು.

"ಇದನ್ನ ಲ್ಯಾಬಿಗೆ ಕಳಿಸ್ತೀನಿ," ಎಂದರು. "ಆದ್ರೆ ಬೀಗ ಹಾಕೋವಂಥದ್ದು ಇಲ್ಲೇನೂ ಇಲ್ಲ. ಕೆಲಸ ಮುಂದುವರ್ಸಿ."

ಅವರು ಹೋದ ಮೇಲೆ ಭಾವ ಮಷಿನ್ನಿಗೆ ಒರಗಿ ನೆಲದ ಮೇಲೇ ಕೂತುಬಿಟ್ಟ. ಅಕ್ಕ ಕಣ್ಣು ಒರೆಸಿಕೊಂಡು, ಬ್ಲೀಚಿನ ಘಾಟು ಎಂದಳು. ಆಮೇಲೆ ಅಮ್ಮನ ಕೈ ನೋಡಿದಳು. ಬೆರಳು, ಉಗುರು, ಅಂಗೈಯ ಗೆರೆ ಎಲ್ಲ ಶಾಯಿಯಲ್ಲಿ ಅದ್ದಿದಂತೆ ಕಪ್ಪಾಗಿದ್ದವು. ತುಕ್ಕು ತೆಗೆಯುವ ಪುಡಿ ತಂದು, "ಕೊಡಮ್ಮ ಇಲ್ಲಿ, ತೆಗೀತೀನಿ," ಎಂದಳು.

ಅಮ್ಮ ಕೈ ಹಿಂದಕ್ಕೆಳೆದುಕೊಂಡಳು. "ಇರ್ಲಿ ಬಿಡು. ಹುಟ್ದಾಗ್ನಿಂದ ಊರವರ ಕಲೆ ತೆಗ್ದಿದ್ದೇ ಆಯ್ತು. ಇದೊಂದು ನಾನು ಹಾಕಿದ್ದು."

ಅಷ್ಟರಲ್ಲಿ ಕೌಂಟರಿನಲ್ಲಿ ಗಿರಾಕಿಯೊಬ್ಬರು ಕೂಗಿದರು. ಬಿಳಿ ಅಂಗಿ, ಕಾಲರಿನ ಮೇಲೆ ಟೀ ಚೆಲ್ಲಿದೆ, ಸಂಜೆಗೇ ಬೇಕು, ನಿಮ್ಮಮ್ಮನ ಕೈಗೇ ಕೊಡಿ. ಅಕ್ಕ ಅಂಗಿ ತಂದಳು. ಅಮ್ಮ ಅಭ್ಯಾಸದಂತೆ ಕೈ ಚಾಚಿದಳು.

"ಅಮ್ಮಾ, ಮುಟ್ಬೇಡ!" ಎಂದು ಅಕ್ಕ ತಂಗಿ ಇಬ್ಬರೂ ಒಟ್ಟಿಗೇ ಕೂಗಿಕೊಂಡರು.

ಅಮ್ಮ ತನ್ನ ಕಪ್ಪು ಕೈ ನೋಡಿಕೊಂಡಳು, ಅಂಗಿ ನೋಡಿದಳು. "ಮತ್ತೆ ಇದನ್ನ ಯಾರು ಮಾಡ್ತಾರೆ?" ಎಂದಳು.

ಮೊಂಡಿ ಅಕ್ಕನ ಕೈಯಿಂದ ಅಂಗಿ ತೆಗೆದುಕೊಂಡಳು. ನಲ್ಲಿಯ ಹತ್ತಿರ ಹೋಗಿ, ತನ್ನ ಕಪ್ಪು ಬೆರಳುಗಳಿಗೆ ತುಕ್ಕಿನ ಪುಡಿ ಹಾಕಿ, ಬೆಳ್ಳಗಾಗುವವರೆಗೆ ಉಜ್ಜಿ ತೊಳೆದುಕೊಂಡಳು. ಕಿಟಕಿಯ ಪಕ್ಕದ ಮೇಜಿಗೆ ಬಂದು, ಅಮ್ಮನ ಸ್ಟೂಲಿಗೆ ತನ್ನದೊಂದು ಸ್ಟೂಲು ತಾಗಿಸಿ ಕೂತು, ತೋಳು ಮಡಚಿದಳು.

"ಕಾಲರ್ ಹೆಂಗೆ ಉಜ್ಬೇಕು, ಹೇಳ್ಕೊಡು," ಎಂದಳು.

ಇಸ್ತ್ರಿ ಮೇಜಿನ ಹತ್ತಿರ ಅಕ್ಕ ಒಂದು ಕ್ಷಣ ಕೈ ನಿಲ್ಲಿಸಿದಳು.

"ಮೆಲ್ಲಗೆ," ಎಂದಳು ಅಮ್ಮ. "ಅಂಚಿಂದ ನಡುವಿಗೆ."